ಬ್ಯಾಟರಿ ಬಿಚ್ಚಲು ಬರಬೇಕು

ಔರಾದ್‌ನಲ್ಲಿ ನಮ್ಮ ಅವ್ವ ವಚನ ಕೇಳುವುದು ಭಾಲ್ಕಿಯಲ್ಲಿ ಕೊಂಡ, ಮೆಮೊರಿ ಕಾರ್ಡ್ ಹಾಕುವ ಪುಟ್ಟ ಪ್ಲೇಯರಿನಲ್ಲಿ. ಅದರಲ್ಲಿ ಹಳೆಯ ನೋಕಿಯಾ ಫೋನುಗಳ ಬಿಎಲ್-5ಸಿ ಬ್ಯಾಟರಿ ಕೂರುತ್ತದೆ. ಸತ್ತರೆ ಮೊಬೈಲ್ ಅಂಗಡಿಯಲ್ಲಿ ಬೇರೆಯದು ಸಿಗುತ್ತದೆ. ನನ್ನ ತಮ್ಮ ಬೀದರ್‌ನಿಂದ ತಂದ ದುಬಾರಿ ಪ್ಲೇಯರಿನ ದನಿ ಇದಕ್ಕಿಂತ ಚೆಂದ, ಒಪ್ಪುತ್ತೇನೆ. ಆದರೆ ಒಳಗೇ ಅಂಟಿಸಿದ್ದ ಬ್ಯಾಟರಿ ಬೇಸಿಗೆಯಲ್ಲಿ ಉಬ್ಬಿತು, ರಿಪೇರಿಯವರು ಕೈಚೆಲ್ಲಿದರು. ಲಿಥಿಯಂ ಬ್ಯಾಟರಿಗೆ ಬಿಸಿಯೇ ವೈರಿ. ನಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಹಾಗಾಗಿ ಪ್ಲೇಯರ್ ಕೊಳ್ಳುವಾಗ ಗ್ಯಾರಂಟಿ ಚೀಟಿಗಿಂತ ಮೊದಲು ಹಿಂದಿನ ಮುಚ್ಚಳ ತೆಗೆಸಿ ನೋಡಿ, ನಿಮ್ಮ ಕಾರ್ಡನ್ನು ಅಂಗಡಿಯಲ್ಲೇ ಹಾಕಿ ಹಾಡಿಸಿ. ಯುರೋಪ್ ಒಕ್ಕೂಟದಲ್ಲಿ 2023ರ ಕಾನೂನಿನ ಪ್ರಕಾರ, 2027ರ ಫೆಬ್ರುವರಿಯಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸಲು ಬರುವಂತಿರಬೇಕು. ಆ ಕಾನೂನು ಯುರೋಪಿಗಿಂತ ಬಿಸಿಲ ನಾಡಿನ ನಮಗೇ ಹೆಚ್ಚು ಬೇಕು.