ದಾಮ್ರೋದ ಎಂಟು ಮಂದಿ ಮತ್ತು ದೆಹಲಿಯ ಮೌನ

ಅರುಣಾಚಲ ಪ್ರದೇಶದ ಅಪ್ಪರ್ ಸಿಯಾಂಗ್ ಜಿಲ್ಲೆಯ ದಾಮ್ರೋ ಗ್ರಾಮದ ಮೇಲಣ ಪರ್ವತದಲ್ಲಿ ಪತನಗೊಂಡ ಅಮೆರಿಕದ ಬಿ–24 ಬಾಂಬರ್ ವಿಮಾನದ ವೃತ್ತಾಂತ ಹೊಸದೇನಲ್ಲ. 1944ರ ಜನವರಿ 25ರಂದು ಚೀನಾದ ಕುನ್‌ಮಿಂಗ್‌ನಿಂದ ಅಸ್ಸಾಮಿನ ಚಬುವಾಕ್ಕೆ ಹೊರಟಿದ್ದ ‘ಹಾಟ್ ಆ್ಯಸ್ ಹೆಲ್’ ನೆಲೆ ಮುಟ್ಟಲಿಲ್ಲ. ಅದರಲ್ಲಿದ್ದ ಎಂಟು ಮಂದಿ ಎಲ್ಲಿ ಮಡಿದರೆಂಬುದನ್ನು ತಿಳಿಯಲು ಅವರ ಮನೆಯವರು 2006ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅವರ ಮರಣಕ್ಕೆ ಯುದ್ಧ ಕಾರಣ, ಹಿಮಾಲಯದ ಕೆಟ್ಟ ಹವೆ ಕಾರಣ. ಆದರೆ ಅವಶೇಷ ಪತ್ತೆಯಾದ ಮೇಲೂ ಅವರ ಅಸ್ಥಿಗಳು ವರ್ಷಗಟ್ಟಲೆ ಮಳೆಗೆ ಮೈಯೊಡ್ಡಿ ಬಿದ್ದಿದ್ದುದಕ್ಕೆ ಯುದ್ಧವನ್ನಾಗಲಿ ಹವೆಯನ್ನಾಗಲಿ ದೂರುವಂತಿಲ್ಲ. ಆ ವಿಳಂಬದ ಬಹುಪಾಲು ಹೊಣೆ ಭಾರತ ಸರ್ಕಾರದ್ದು ಎಂಬುದು ಈ ಪತ್ರಿಕೆಯ ವಿಚಾರಪೂರ್ವಕ ನಿಲುವು.

ಸ್ವಾನ್ಸನ್, ಚೇಂಬರ್ಸ್, ಜೇಟ್ಜ್, ಆಕ್ಸ್‌ಫರ್ಡ್, ಗಿನ್, ಕ್ವೀನ್, ಹಿನ್ಸನ್, ಗೆರಾನ್ಸ್. ಇವರು ಜನರಲ್ ಕ್ಲೇರ್ ಶೆನಾಲ್ಟರ ಹದಿನಾಲ್ಕನೆಯ ವಾಯುಪಡೆಗೆ ಸೇರಿದ 308ನೇ ಬಾಂಬರ್ ದಳದವರು. 1942ರಲ್ಲಿ ಬರ್ಮಾ ರಸ್ತೆ ಜಪಾನಿನ ವಶವಾದ ಮೇಲೆ ಚೀನಾಕ್ಕೆ ಉಳಿದದ್ದು ಹಿಮಾಲಯದ ಪೂರ್ವದಂಚಿನ ಮೇಲಿನ ಆಕಾಶಮಾರ್ಗವೊಂದೇ. ವೈಮಾನಿಕರು ಅದನ್ನು ‘ಹಂಪ್’ ಎಂದರು. ಇತರ ಬಾಂಬರ್ ದಳಗಳಿಗೆ ಇಂಧನವನ್ನೂ ಬಾಂಬುಗಳನ್ನೂ ಬೇರೆಯವರು ಒದಗಿಸುತ್ತಿದ್ದರೆ, 308ನೇ ದಳದವರು ತಮ್ಮ ಒಂದು ದಾಳಿಗೆ ಬೇಕಾದ ಸಾಮಗ್ರಿಯನ್ನು ತಾವೇ ಹಲವು ಬಾರಿ ಹಂಪ್ ದಾಟಿ ಹೊತ್ತು ತರಬೇಕಿತ್ತು. ಶತ್ರುವಿನ ಗುಂಡಿಗಿಂತ ಈ ಸಾಗಾಟವೇ ಅವರಿಗೆ ಹೆಚ್ಚು ಮಾರಕವಾದ ದಿನಗಳಿದ್ದವು. ಸುಮಾರು ಆರೂವರೆ ಲಕ್ಷ ಟನ್ ಸರಕು ದಾಟಿಸಿದ ಆ ಮಾರ್ಗದಲ್ಲಿ ಯುದ್ಧ ಮುಗಿಯುವ ವೇಳೆಗೆ ಅಂದಾಜು 600 ವಿಮಾನಗಳು ನಷ್ಟವಾಗಿದ್ದವು. ಭಾರತದ ನೆಲದಲ್ಲಿ ಇನ್ನೂ ಸುಮಾರು 400 ಅಮೆರಿಕನ್ನರ ಪಾರ್ಥಿವ ಶರೀರಗಳು ದೊರೆಯಬೇಕಿವೆ ಎಂದು ಆ ದೇಶ ಲೆಕ್ಕ ಹಾಕುತ್ತದೆ.

ಅವಶೇಷವನ್ನು ಕಂಡುಹಿಡಿದದ್ದು ಯಾವ ಸರ್ಕಾರವೂ ಅಲ್ಲ. ಅರಿಜೋನಾದ ಪರ್ವತಾರೋಹಿ ಕ್ಲೇಟನ್ ಕ್ಯೂಲ್ಸ್ ಸ್ಥಳೀಯ ಆದಿ ಜನರ ಮಾರ್ಗದರ್ಶನದಲ್ಲಿ ಅಲ್ಲಿಗೆ ತಲುಪಿ, ಯಾವ ವಿಮಾನವೆಂಬುದನ್ನು ಖಚಿತಪಡಿಸಿದರು. ಅಮೆರಿಕದ ಸೈನ್ಯವಂತೂ ಯುದ್ಧಾನಂತರ ಇಂಥ ಅನೇಕ ಪ್ರಕರಣಗಳನ್ನು ‘ಪತ್ತೆ ಅಸಾಧ್ಯ’ ಎಂದು ಮುಚ್ಚಿ ದಶಕಗಳ ಕಾಲ ಕೈಕಟ್ಟಿ ಕುಳಿತಿತ್ತು. ಆ ಲೋಪವನ್ನು ನಾವು ಮರೆಮಾಚುವುದಿಲ್ಲ. ಆದರೆ ಆ ದೇಶದ ತಜ್ಞರು ದಾಮ್ರೋಗೆ ಬಂದು ಪರಿಶೀಲನೆ ಆರಂಭಿಸಿದ ಬಳಿಕ, 2009ರ ನಂತರ, ಬಾಗಿಲು ಮುಚ್ಚಿದ್ದು ದೆಹಲಿ. ಗಡಿಯ ಸೂಕ್ಷ್ಮತೆ, ಅರುಣಾಚಲದ ಮೇಲೆ ಚೀನಾ ಸಾಧಿಸುತ್ತಿರುವ ಹಕ್ಕು, ವಿದೇಶಿ ಸೇನಾ ಸಿಬ್ಬಂದಿಯ ಉಪಸ್ಥಿತಿಯಿಂದಾಗಬಹುದಾದ ಕಿರಿಕಿರಿ – ಇವು ಕೇಳಿಬಂದ ಕಾರಣಗಳು. 2012ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಲಿಯೋನ್ ಪನೆಟ್ಟಾ ದೆಹಲಿಯಲ್ಲಿದ್ದಾಗ ಶೋಧ ಪುನರಾರಂಭಕ್ಕೆ ಸಮ್ಮತಿ ಘೋಷಣೆಯಾಯಿತು. ತಜ್ಞರು ಮತ್ತೆ ಆ ಇಳಿಜಾರಿನಲ್ಲಿ ನೆಲ ಅಗೆದದ್ದು 2015ರ ಮಳೆಗಾಲ ಕಳೆದ ಮೇಲೆ.

ಆ ಕಾರಣಗಳನ್ನು ತೂಗಿ ನೋಡುವುದು ನ್ಯಾಯ. ಅರುಣಾಚಲ ಭಾರತದ ಅವಿಭಾಜ್ಯ ಅಂಗವೆಂದು ನಾವು ಸಂಸತ್ತಿನಲ್ಲಿಯೂ ಅಂತರರಾಷ್ಟ್ರೀಯ ವೇದಿಕೆಗಳಲ್ಲಿಯೂ ಘೋಷಿಸುತ್ತ ಬಂದಿದ್ದೇವೆ. ಅದು ಸತ್ಯವೂ ಹೌದು. ಸ್ವಂತ ನೆಲದಲ್ಲಿ ಮಡಿದವರ ಮೂಳೆಗಳನ್ನು ಅವರ ಬಂಧುಗಳಿಗೆ ಒಪ್ಪಿಸಲು ನೆರೆಯ ರಾಷ್ಟ್ರದ ಮುಖಭಾವವನ್ನು ನೋಡಬೇಕಾಗಿ ಬಂದರೆ, ಆ ಘೋಷಣೆಯ ಬಲವನ್ನು ಕುಗ್ಗಿಸಿದವರು ನಾವೇ ಆಗುತ್ತೇವೆ. ಅನುಮತಿ ನೀಡುವುದು ಸಾರ್ವಭೌಮತ್ವದ ಸಹಜ ಚಲಾವಣೆಯಾಗಿತ್ತು. ಅದನ್ನು ತಡೆಹಿಡಿದದ್ದರಿಂದ ಗಡಿಗೆ ಒಂದಂಗುಲ ಭದ್ರತೆಯೂ ಸೇರಲಿಲ್ಲ.

ವಿಳಂಬದ ಬೆಲೆ ಏನೆಂಬುದನ್ನು ಅರಿಯಲು ಆ ಸ್ಥಳದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅದು ಒಂಬತ್ತು ಸಾವಿರ ಅಡಿಗೂ ಮಿಕ್ಕ ಎತ್ತರದ ಕಡಿದಾದ ಇಳಿಜಾರು. ಹಗ್ಗಗಳನ್ನು ಬಿಗಿದು, ನೆಲವನ್ನು ಚೌಕಗಳಾಗಿ ಗುರುತಿಸಿ, ಅಗೆದ ಮಣ್ಣನ್ನು ಬಕೆಟ್ಟುಗಳಲ್ಲಿ ಕೈಯಿಂದ ಕೈಗೆ ದಾಟಿಸಿ, ಕಾಲಂಗುಲ ಕಣ್ಣಿನ ಜರಡಿಯಲ್ಲಿ ಸೋಸುತ್ತಾರೆ. ಜರಡಿಯಲ್ಲಿ ಉಳಿಯುವುದು ಬಹುಮಟ್ಟಿಗೆ ಕಲ್ಲು, ಬೇರು, ತಿರುಚಿದ ಅಲ್ಯೂಮಿನಿಯಂ. ಎಂದಾದರೊಮ್ಮೆ ಒಂದು ಗುಂಡಿ, ಒಂದು ಹಲ್ಲು, ಬೆರಳಿನ ಮೂಳೆಯ ತುಣುಕು. ಒಬ್ಬ ಮನುಷ್ಯನ ಗುರುತು ಆ ತುಣುಕಿನಿಂದ ತೆಗೆದ ಡಿಎನ್‌ಎ ಅವನ ಬಂಧುವಿನ ಡಿಎನ್‌ಎಗೆ ಹೊಂದುವುದರ ಮೇಲೆ ನಿಂತಿರುತ್ತದೆ. ಪ್ರತಿ ಮುಂಗಾರಿನಲ್ಲಿ ಅಲ್ಲಿನ ಮಣ್ಣು ಕುಸಿಯುತ್ತದೆ, ಅದರೊಂದಿಗೆ ಸಾಕ್ಷ್ಯವೂ ಕೆಳಗೆ ಜಾರುತ್ತದೆ. ಅತ್ತ ಹೋಲಿಸಿ ನೋಡಬೇಕಾದ ರಕ್ತಸಂಬಂಧಿಗಳು ಒಬ್ಬೊಬ್ಬರಾಗಿ ತೀರಿಹೋಗುತ್ತಾರೆ. 1944ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದ ತಮ್ಮನಿಗೋ ತಂಗಿಗೋ 2009ರಲ್ಲಿ ಎಂಬತ್ತೈದು ತುಂಬಿತ್ತು. ಕಡತಕ್ಕೆ ಆರು ವರ್ಷ ಅಲ್ಪಾವಧಿ ಇರಬಹುದು. ಆ ವಯಸ್ಸಿಗೆ ಆರು ವರ್ಷವೆಂದರೆ ಉಳಿದಿರುವ ಆಯುಷ್ಯವೆಲ್ಲ.

2016ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ, ಅಮೆರಿಕದ ಅಂದಿನ ರಕ್ಷಣಾ ಕಾರ್ಯದರ್ಶಿ ಆ್ಯಶ್ ಕಾರ್ಟರ್ ಅವರ ಸಮ್ಮುಖದಲ್ಲಿ, ಅವಶೇಷಗಳನ್ನು ಮಿಲಿಟರಿ ಗೌರವದೊಂದಿಗೆ ಬೀಳ್ಕೊಡಲಾಯಿತು. ಮರುವರ್ಷ ಜೂನ್‌ನಲ್ಲಿ ರಾಬರ್ಟ್ ಆಕ್ಸ್‌ಫರ್ಡ್ ಜಾರ್ಜಿಯಾ ರಾಜ್ಯದ ತಮ್ಮ ಹುಟ್ಟೂರು ಕಾಂಕರ್ಡ್‌ನ ಮಣ್ಣು ಸೇರಿದರು. ಎಂಟು ಮಂದಿಯ ಪೈಕಿ ಅಂದು ಮನೆ ತಲುಪಿದವರು ಅವರೊಬ್ಬರೇ.

ಅದೇ 2017ರ ನವೆಂಬರ್‌ನಲ್ಲಿ ಫ್ರಾನ್ಸಿನ ಲಾವಂತಿ ಸೈನಿಕ ಸ್ಮಶಾನದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಲೇಬೇಕು. ಮೊದಲ ಮಹಾಯುದ್ಧದಲ್ಲಿ ಮಡಿದಿದ್ದ ಗಢವಾಲ್ ರೈಫಲ್ಸ್‌ನ ಇಬ್ಬರು ಯೋಧರ ಮೂಳೆಗಳು ಹಿಂದಿನ ವರ್ಷ ರಿಶ್‌ಬೂರ್ ಬಳಿ ನೆಲ ಅಗೆಯುವಾಗ ಸಿಕ್ಕಿದ್ದವು. ಶತಮಾನದ ಹಿಂದೆ ಪರಕೀಯ ಸಾಮ್ರಾಜ್ಯದ ಸಮವಸ್ತ್ರ ತೊಟ್ಟು ಬಂದಿದ್ದ, ಹೆಸರೂ ಉಳಿಯದ ಆ ಇಬ್ಬರಿಗಾಗಿ ಭಾರತೀಯ ಸೇನೆಯ ಪ್ರತಿನಿಧಿಗಳನ್ನು ಬರಮಾಡಿಕೊಂಡು, ಸಕಲ ಗೌರವಗಳೊಂದಿಗೆ ಅಂತ್ಯವಿಧಿ ನಡೆಸಲಾಯಿತು. ಎರಡನೆಯ ಮಹಾಯುದ್ಧ ನಮ್ಮದಾಗಿರಲಿಲ್ಲ, ನಮ್ಮನ್ನು ಕೇಳದೆ ವೈಸರಾಯ್ ದೇಶವನ್ನು ಅದಕ್ಕೆ ನೂಕಿದರು, ಆದ್ದರಿಂದ ಅದರ ಮೃತರ ಋಣ ನಮಗಿಲ್ಲ ಎನ್ನುವವರಿಗೆ ಲಾವಂತಿಯೇ ಉತ್ತರ. ಎರಡನೆಯ ಮಹಾಯುದ್ಧದಲ್ಲಿ ಮಡಿದ 87,000ಕ್ಕೂ ಹೆಚ್ಚು ಭಾರತೀಯ ಸೈನಿಕರು ಇಟಲಿಯಿಂದ ಮಲಯಾದವರೆಗೆ ಹಲವು ದೇಶಗಳ ಮಣ್ಣಿನಲ್ಲಿದ್ದಾರೆ.

ಕರ್ನಾಟಕಕ್ಕೆ ಈ ವಿಮಾನಗಳು ದೂರದವಲ್ಲ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ 1940ರಲ್ಲಿ ಕಟ್ಟಿದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕನ್ ವಾಯುಪಡೆಯ ದುರಸ್ತಿ ಕೇಂದ್ರವಾಗಿ ದುಡಿಯಿತು. ಈ ರಂಗದ ಯುದ್ಧವಿಮಾನಗಳು ಇಲ್ಲಿನ ಕಾರ್ಮಿಕರ ಕೈಯಲ್ಲಿ ಮತ್ತೆ ಹಾರಲು ಸಿದ್ಧವಾದವು. ಯುದ್ಧಾನಂತರ ಬ್ರಿಟಿಷರು ಕಾನ್ಪುರದಲ್ಲಿ ಬೇಕೆಂದೇ ಜಖಂಗೊಳಿಸಿ ಬಿಟ್ಟುಹೋದ ಬಿ–24 ಲಿಬರೇಟರ್‌ಗಳ ಪೈಕಿ 40ರಷ್ಟನ್ನು ಇದೇ ಕಾರ್ಖಾನೆ ಜೀವಂತಗೊಳಿಸಿತು. 1948ರಿಂದ 1968ರವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದವು. ಆ ಯಂತ್ರಗಳನ್ನು ನಮ್ಮವೆಂದು ಇಪ್ಪತ್ತು ವರ್ಷ ಹಾರಿಸಿದ ದೇಶ, ಅಂಥದೇ ಯಂತ್ರದೊಳಗೆ ಪ್ರಾಣ ಬಿಟ್ಟವರನ್ನು ಪರರೆಂದು ಹೇಗೆ ಬಗೆದೀತು?

ಎಲ್ಲಕ್ಕಿಂತ ಮಿಗಿಲಾಗಿ ನಮ್ಮದೇ ಒಂದು ಗಾಯವಿದೆ. ಪಾಕಿಸ್ತಾನದ ವಶದಲ್ಲಿರಬಹುದೆಂದು ನಂಬಲಾದ 83 ಮಂದಿ ಕಾಣೆಯಾದ ರಕ್ಷಣಾ ಸಿಬ್ಬಂದಿಯ ಕುರಿತು ಸರ್ಕಾರ 2019ರಲ್ಲಿ ಸಂಸತ್ತಿಗೆ ತಿಳಿಸಿತು. ಅವರಲ್ಲಿ 54 ಮಂದಿ ಯುದ್ಧಕೈದಿಗಳೆಂದು ಗುರುತಿಸಲಾದವರು. 1971ರಲ್ಲಿ ಕ್ಯಾನ್‌ಬೆರಾ ಬಾಂಬರ್‌ಗಳಲ್ಲಿ ಹಾರಿಹೋಗಿ ಮರಳದವರೂ ಆ 54ರ ಪಟ್ಟಿಯಲ್ಲಿದ್ದಾರೆ. ಅಂಥವರು ತಮ್ಮಲ್ಲಿಲ್ಲವೆಂದು ಪಾಕಿಸ್ತಾನ ಹೇಳುತ್ತ ಬಂದಿದೆ. 2007ರಲ್ಲಿ ಅಲ್ಲಿನ ಸೆರೆಮನೆಗಳಿಗೆ ಹೋದ ಬಂಧುಗಳು ಬರಿಗೈಯಲ್ಲಿ ಮರಳಿದರು. ಸತ್ತಿದ್ದಾನೆ ಎಂದು ತಿಥಿ ಮಾಡಲಾಗದ, ಬದುಕಿದ್ದಾನೆ ಎಂದು ಧೈರ್ಯ ತಾಳಲಾಗದ ಆ ಮನೆಗಳ ಅವಸ್ಥೆಯನ್ನು ಭಾರತಕ್ಕೆ ಯಾರೂ ವಿವರಿಸಬೇಕಿಲ್ಲ. ಹಾಗಿರುವಾಗ ಇನ್ನೊಂದು ದೇಶದ ಅಂಥದೇ ಮನೆಗಳನ್ನು, ಉತ್ತರ ನಮ್ಮ ಕೈಯಲ್ಲೇ ಇದ್ದರೂ, ಆರು ವರ್ಷ ಕಾಯಿಸಿದೆವು. ನೆರೆಯ ದೇಶದಿಂದ ಸತ್ಯವನ್ನು ಬೇಡುವ ನಮ್ಮ ನೈತಿಕ ಅಧಿಕಾರ ಇದರಿಂದ ಕ್ಷೀಣಿಸಿತೆಂಬುದನ್ನು ಸರ್ಕಾರ ಅಂದು ಲೆಕ್ಕಕ್ಕೆ ಹಿಡಿದಂತಿಲ್ಲ.

2023ರ ನವೆಂಬರ್‌ನಲ್ಲಿ ಪಾಸಿಘಾಟ್‌ನಲ್ಲಿ ಹಂಪ್ ವಸ್ತುಸಂಗ್ರಹಾಲಯ ತೆರೆದದ್ದು ಶ್ಲಾಘನೀಯ. ಆದರೆ ಪ್ರದರ್ಶನಕ್ಕಿಟ್ಟ ಎಂಜಿನ್ನಿನ ಚೂರುಗಳು ಶೋಧಕ್ಕೆ ಪರ್ಯಾಯವಾಗಲಾರವು. ಪತ್ತೆಯಾದ ಪ್ರತಿಯೊಂದು ಪತನಸ್ಥಳದ ಶೋಧಕ್ಕೂ ಅನುಮತಿಯನ್ನು ಆಯಾ ಕಾಲದ ರಾಜತಾಂತ್ರಿಕ ಹವೆಗೆ ಬಿಡದೆ, ರಕ್ಷಣೆ, ಗೃಹ ಮತ್ತು ವಿದೇಶಾಂಗ ಸಚಿವಾಲಯಗಳು ಜಂಟಿಯಾಗಿ ಒಂದು ಶಾಶ್ವತ ಕಾರ್ಯವಿಧಾನವನ್ನು ಪ್ರಕಟಿಸಬೇಕು. ಅರ್ಜಿಗೆ ನಿಗದಿತ ಅವಧಿಯಲ್ಲಿ ಉತ್ತರ ಕೊಡಬೇಕು, ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಸಿಯಾಂಗ್ ಕಣಿವೆಯ ಮೇಲಣ ಎತ್ತರಗಳಲ್ಲಿ ಮಳೆ ನಿಂತು ನೆಲ ಅಗೆಯಲು ಅನುವಾಗುವುದು ವರ್ಷದ ಕೆಲವೇ ತಿಂಗಳು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಆ ಆದೇಶ ಹೊರಬೀಳಬೇಕು.