ನಿನ್ನೆ ಕಬಡ್ಡಿ ಆಡಿದವನಿಗೆ ಇವತ್ತೇನು ರೋಗ?

ಅಕ್ಕನ ಮಗನಿಗೆ ಈಗ 14 ವರ್ಷ. ಗಾದಿಗನೂರಿನಲ್ಲಿ ಅವನು ರೈಡಿಗೆ ಇಳಿದರೆ ಕಟ್ಟೆ ಮೇಲೆ ಕೂತ ಹುಡುಗರು ಶಿಳ್ಳೆ ಹೊಡೀತಾರೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲ, ಹಾಗಾಗಿ ಎದುರಿನವರ ಕೈಕೆಳಗೆ ನುಸುಳೋದು ಅವನಿಗೆ ಸುಲಭ. ಭಾನುವಾರ ಸಂಜೆ ಹೀಗೆ ನುಸುಳಿ ಮೂರು ಪಾಯಿಂಟ್ ತಂದ ಹುಡುಗ ಸೋಮವಾರ ಬೆಳಿಗ್ಗೆ ಬಚ್ಚಲಿಗೆ ಹೋಗೋಕೆ ಗೋಡೆ ಹಿಡಿದು ನಡೀತಿದ್ದ. ತೊಡೆ, ಮೀನಖಂಡ ಕಲ್ಲಾಗಿರುತ್ತಿದ್ದವು. ತಲೆನೋವು, ಕೆಲವು ಸಲ ವಾಂತಿ. ಬುಧವಾರದ ಹೊತ್ತಿಗೆ ಮತ್ತೆ ಸೈಕಲ್ ಹತ್ತಿರ್ತಿದ್ದ.

"ನಿನ್ನೆ ಕಬಡ್ಡಿ ಆಡಿದವನಿಗೆ ಇವತ್ತೇನು ರೋಗ ಬಂತ್ರೀ ಯಮ್ಮಾ?" ಅಂತ ಶಾಲೆಯ ಗೇಟಿನಲ್ಲೇ ಪಿ.ಟಿ. ಮೇಷ್ಟ್ರು ಅಕ್ಕನನ್ನು ಕೇಳಿದರಂತೆ, ನಾಲ್ಕು ಜನರ ಎದುರಿಗೆ. ಅವರೊಬ್ಬರೇ ಅಲ್ಲ, ಓಣಿಯವರು ಕೇಳಿದರು, ಬೀಗರು ಕೇಳಿದರು, ಭಾವನ ಜೊತೆ ತೋರಣಗಲ್ಲು ಕಡೆ ಕೆಲಸಕ್ಕೆ ಹೋಗುವವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಬರೀಬೇಕು ಅಂತಲೇ ಇವತ್ತು ಕೂತಿದ್ದೇನೆ.

ಅದಕ್ಕೂ ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಿದವನು ನಾನೇ. ಬೆಂಗಳೂರಿನ ಆಫೀಸಿನಲ್ಲಿ ಕೂತು, ಅಕ್ಕ ಕಳಿಸಿದ ಕಬಡ್ಡಿ ವಿಡಿಯೋಗೆ ಹೆಬ್ಬೆಟ್ಟು ಒತ್ತಿದವನು, ಮಾರನೇ ದಿನ ಅವಳು ಫೋನ್ ಮಾಡಿ "ತಮ್ಮಾ, ಇವ ಏಳವಲ್ಲ" ಅಂದಾಗ, "ಮೊಬೈಲ್ ಕಸ್ಕೋ ಅಕ್ಕಾ, ಎಲ್ಲಾ ಸರಿಹೋಗ್ತಾನೆ" ಅಂದಿದ್ದೆ. ಒಂದು ಸಲ ಅಲ್ಲ, ಎರಡು ವರ್ಷ ಅಂದಿದ್ದೆ. ಈಗ ಉಳಿದವರನ್ನು ಬೈಯೋಕೆ ನನಗಿರುವ ಯೋಗ್ಯತೆ ಅಷ್ಟೇ, ಆದ್ರೂ ಬೈತೀನಿ.

ಆ ಎರಡು ವರ್ಷ ಏನೇನು ಆಯಿತು ಅಂದರೆ, ಬಿ-12 ಸೂಜಿ, ಗ್ಲೂಕೋಸ್ ಬಾಟಲಿ, ಕನ್ನಡಕ, ಜಂತುಹುಳದ ಗುಳಿಗೆ, ದೃಷ್ಟಿ ತೆಗೆಸಿದ್ದು. ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತು, ಹುಡುಗನ ಕೈಲಿ ಮಂಗಳವಾರ ಒಪ್ಪತ್ತು ಮಾಡಿಸಿದಳು. ಕೊನೆಗೆ ಒಂದು ದಿನ ಶಾಲೆಯಲ್ಲೇ ಫಿಟ್ಸ್ ಬಂತು. ಆಮೇಲೆ ನಾವು ಬೆಂಗಳೂರಿಗೆ ಕರೆತಂದದ್ದು. ರಕ್ತದಲ್ಲಿ ಲ್ಯಾಕ್ಟೇಟ್ ಹೆಚ್ಚಿತ್ತು, ಎಂಆರ್‌ಐ ಆಯಿತು, ಡಿಎನ್‌ಎ ಪರೀಕ್ಷೆ ಆಯಿತು. ಮೈಟೋಕಾಂಡ್ರಿಯಾದ ಕಾಯಿಲೆ.

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ಉರು ಹೊಡೆದಿದ್ದೀವಿ. ಮೈಟೋಕಾಂಡ್ರಿಯಾವನ್ನು ಜೀವಕೋಶದ ಶಕ್ತಿ ಕೇಂದ್ರ ಎನ್ನುತ್ತಾರೆ, ಏಕೆ? ಎರಡು ಅಂಕ. ಈ ವರ್ಷ ಅದೇ ಪಾಠ ನಮ್ಮ ಹುಡುಗನಿಗೂ ಬಂತು. ಪಾಠ ನಡೆದ ವಾರದಲ್ಲೇ, ಪ್ರಾರ್ಥನೆ ಹೊತ್ತಿಗೆ ಬಿಸಿಲಲ್ಲಿ ನಿಲ್ಲೋಕಾಗದೆ ಕೂತದ್ದಕ್ಕೆ ಅವನನ್ನು ಕ್ಲಾಸಿನ ಹೊರಗೆ ನಿಲ್ಲಿಸಿದರು.

ನನ್ನ ಕೆಲಸಕ್ಕೆ ಹತ್ತಿರದ ಭಾಷೆಯಲ್ಲಿ ಹೇಳೋದಾದ್ರೆ, ಮೈಟೋಕಾಂಡ್ರಿಯಾಕ್ಕೆ ಅದರದೇ ಒಂದು ಪುಟ್ಟ ಡಿಎನ್‌ಎ ಇದೆ. 16,569 ಅಕ್ಷರ, 37 ಜೀನ್. ಅದರ 3243ನೇ ಜಾಗದಲ್ಲಿ 'ಎ' ಇರಬೇಕಾದ ಕಡೆ 'ಜಿ' ಬಿದ್ದಿದೆ, ಅಷ್ಟೇ. ಈ ಒಂದಕ್ಷರದ ತಪ್ಪು ಮೆದುಳು, ಸ್ನಾಯುಗಳನ್ನು ಕೆಡಿಸಬಲ್ಲದು ಅಂತ 1990ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಇದೇ ತಪ್ಪು ಸಕ್ಕರೆ ಕಾಯಿಲೆ ಮತ್ತು ಕಿವುಡನ್ನು ಒಟ್ಟಿಗೆ ತರಬಲ್ಲದು ಅಂತ 1992ರಲ್ಲಿ ಹಾಲೆಂಡಿನವರು ಹೇಳಿದರು. ಡಾಕ್ಟರು ಇದನ್ನು ಹೇಳ್ತಿದ್ದಾಗ ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ನಮ್ಮವ್ವನಿಗೆ ನಲವತ್ತಕ್ಕೇ ಸಕ್ಕರೆ ಬಂದಿತ್ತು. ಕಿವಿ ಅದಕ್ಕೂ ಮೊದಲೇ ಮಂದ. "ಊರಾಗ ಯಾರಿಗಿಲ್ಲ ಸಕ್ಕರಿ" ಅಂತ ನಾವು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಭಾವನಿಗೆ ಈ ಅಕ್ಷರದ ಕಥೆ ತಲೆಗೆ ಹೋಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಸುಮಾರು ಹೊತ್ತು ಕೂತಿದ್ದು ಆಮೇಲೆ ಅಂದರು: "ಅಂದ್ರ ಇವನ ಮೈಯಾಗ ಸಿಂಗಲ್ ಫೇಸ್ ಕರೆಂಟ್ ಐತಿ ಅನ್ನು."

ಇದಕ್ಕಿಂತ ಚೆನ್ನಾಗಿ ಯಾವ ನ್ಯೂರಾಲಜಿಸ್ಟೂ ನನಗೆ ಹೇಳಿಲ್ಲ. ಊರಲ್ಲಿ ಬೆಳೆದವರಿಗೆ ಗೊತ್ತು. ದಿನಕ್ಕೆ 7 ತಾಸು ತ್ರೀ ಫೇಸ್ ಅಂತ ಸರ್ಕಾರ ಹೇಳುತ್ತೆ, ಅದೂ ರಾತ್ರಿಯೋ ಹಗಲೋ ದೇವರಿಗೇ ಗೊತ್ತು. ಉಳಿದ ಹೊತ್ತು ಸಿಂಗಲ್ ಫೇಸ್. ಬಲ್ಬು ಉರಿಯುತ್ತೆ, ಟೀವಿ ಓಡುತ್ತೆ, ಹೊರಗಿನಿಂದ ನೋಡಿದವರು ಮನೆಯಲ್ಲಿ ಕರೆಂಟಿದೆ ಅಂತಾರೆ. ಪಂಪ್‌ಸೆಟ್ ಮಾತ್ರ ಏಳಲ್ಲ. ಹಟಕ್ಕೆ ಬಿದ್ದು ಕಂಡೆನ್ಸರ್ ಹಾಕಿ ಎಬ್ಬಿಸಿದರೆ ಸ್ವಲ್ಪ ಹೊತ್ತು ನೀರು ಬರುತ್ತೆ, ಆಮೇಲೆ ಕಾಯಿಲ್ ಸುಟ್ಟ ವಾಸನೆ. ಮೋಟರನ್ನು ಬೈಕಿಗೆ ಕಟ್ಟಿಕೊಂಡು ರೀವೈಂಡಿಂಗ್‌ಗೆ ಹೊಸಪೇಟೆಗೆ ಓಡಬೇಕು. ಬಲ್ಬು ಉರೀತಿದೆಯಲ್ಲ, ಪಂಪು ಯಾಕೆ ಓಡಲ್ಲ, ಮೋಟರ್ ನಾಟಕ ಮಾಡ್ತಿದೆ ಅಂತ ನಮ್ಮೂರಲ್ಲಿ ಯಾವ ರೈತನೂ ಅನ್ನಲ್ಲ. ಹುಡುಗನಿಗೆ ಮಾತ್ರ ಎಲ್ಲರೂ ಅಂತಾರೆ.

ನೀವು ನಗಬೇಡಿ. ನೀವೂ ಕಮ್ಮಿ ಏನಲ್ಲ. ತಿಂಗಳಿಗೊಮ್ಮೆ ರಾತ್ರಿ ಎರಡು ಗಂಟೆಗೆ ಮಾತ್ರ ಬರುವ ಬಗ್ ಇರುತ್ತಲ್ಲ, ಹಗಲು ಎಷ್ಟು ತಡಕಿದರೂ ಸಿಗದೇ ಇರೋದು, ಅದಕ್ಕೆ ನಾವು ಮೂರು ವಾರ ಲಾಗ್ ಓದ್ತೀವಿ. ಯಾಕಂದ್ರೆ ಸರ್ವರ್ ಸುಳ್ಳು ಹೇಳಲ್ಲ ಅಂತ ನಂಬಿಕೆ. ಟೀಮಿನಲ್ಲಿ ಒಬ್ಬಳು ಹುಡುಗಿ ಶನಿವಾರ ಚಾರಣಕ್ಕೆ ಹೋಗಿ ಸೋಮವಾರ ರಜೆ ಹಾಕಿದರೆ ಮಾತ್ರ ಇನ್ಸ್ಟಾಗ್ರಾಮ್ ಫೋಟೋ ತೆಗೆದು ಪಕ್ಕದವನಿಗೆ ತೋರಿಸಿ ಕಣ್ಣು ಹೊಡೀತೀವಿ. ನಾನೂ ಹೊಡೆದಿದ್ದೀನಿ. ಮೈಟೋಕಾಂಡ್ರಿಯಾ ಕಾಯಿಲೆ ಸುಮಾರು 5,000 ಜನಕ್ಕೆ ಒಬ್ಬರಿಗೆ ಅನ್ನೋದು ಜಗತ್ತಿನ ಅಂದಾಜು. ನಿಮ್ಮ ಟೆಕ್ ಪಾರ್ಕಿನಲ್ಲಿ 20,000 ಜನ ಇದ್ದರೆ ನಾಲ್ಕು ಜನ ಆಯಿತು. ಇದೇನೂ ಅಮೆರಿಕದ ಕಾಯಿಲೆಯಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿ, ಹೈದರಾಬಾದಿನ ಸಿಸಿಎಂಬಿಯಲ್ಲಿ ವರ್ಷಗಳಿಂದ ಇದರ ಮೇಲೆ ಕೆಲಸ ನಡೀತಿದೆ.

ಹೆಸರು ಗೊತ್ತಾದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡಿರಾ? ಹೆಸರು ಗೊತ್ತಾದ ಮೇಲೆ ಶುರುವಾಯಿತು ಇನ್ನೊಂದು. ನಿನ್ನೆವರೆಗೆ "ನಾಟಕ ಮಾಡ್ತಾನ" ಅಂದ ಅದೇ ಬಾಯಿಗಳು "ಅಯ್ಯೋ ಪಾಪ, ಮಲಗಿಸ್ರಿ, ಆಡಾಕ ಬಿಡಬ್ಯಾಡ್ರಿ" ಅನ್ನೋಕೆ ಶುರು ಮಾಡಿದವು. ನಮ್ಮಲ್ಲಿ ರೋಗಿ ಅಂದರೆ ಹಾಸಿಗೆ ಹಿಡಿದಿರಬೇಕು, ಮುಖ ಬಾಡಿರಬೇಕು, ನೋಡೋಕೆ ಬಂದವರು ಮೋಸಂಬಿ ಇಟ್ಟು ಹೋಗಬೇಕು. ಆಡುವ ಹುಡುಗ ರೋಗಿಯಲ್ಲ, ರೋಗಿ ಆಡಬಾರದು. ಎರಡರಲ್ಲಿ ಒಂದನ್ನು ಆರಿಸಿಕೋ ಅಂತ 14 ವರ್ಷದವನಿಗೆ ಊರೆಲ್ಲ ಸೇರಿ ಹೇಳೋದು.

ಡಾಕ್ಟರು ಹೇಳಿದ್ದು ಇದಕ್ಕೆ ತದ್ವಿರುದ್ಧ. ಈ ಕಾಯಿಲೆಯಲ್ಲಿ ಪೂರ್ತಿ ಮಲಗಿಸಿಬಿಟ್ಟರೆ ಸ್ನಾಯು ಇನ್ನೂ ಸೋಲುತ್ತೆ. ಹದವಾದ ನಡಿಗೆ, ಸೈಕಲ್, ಈಜು ಒಳ್ಳೆಯದು ಅಂತ ಅಧ್ಯಯನಗಳೇ ಹೇಳ್ತವೆ. ಸುಸ್ತು ಬಂದ ಮೇಲೆ ನಿಲ್ಲಿಸೋದಲ್ಲ, ಬರೋಕೆ ಮುಂಚೆ ನಿಲ್ಲಿಸಬೇಕು. ಹೊಟ್ಟೆ ಖಾಲಿ ಬಿಡಲೇಬಾರದು. ಜ್ವರ ಬಂದರೆ ಕಾಯುತ್ತಾ ಕೂರಬಾರದು. ಫಿಟ್ಸ್‌ಗೆ ಸಾಮಾನ್ಯವಾಗಿ ಕೊಡುವ ವಾಲ್‌ಪ್ರೋಯೇಟ್ ಗುಳಿಗೆ ಇಂಥ ಕೆಲವು ಮಕ್ಕಳಿಗೆ ಲಿವರ್ ಕೆಡಿಸಿ ಜೀವಕ್ಕೇ ತರಬಹುದು, ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ ಕಾಯಿಲೆಯ ಹೆಸರು ಮೊದಲು ಹೇಳಬೇಕು. ವಾಸಿ ಮಾಡುವ ಮದ್ದಿಲ್ಲ ಅಂದಮೇಲೆ ಅಷ್ಟು ಖರ್ಚು ಮಾಡಿ ಹೆಸರು ಹುಡುಕಿ ಏನು ಬಂತು ಅಂತ ಕೇಳಿದ ದೊಡ್ಡ ಮನುಷ್ಯರೊಬ್ಬರಿದ್ದಾರೆ, ಅವರಿಗೂ ಇದೇ ಉತ್ತರ.

ಒಪ್ಪತ್ತಿನ ವಿಷಯ ಅವ್ವನಿಗೆ ಹೇಳೋದು ಕಷ್ಟವಾಯಿತು. ಕಿವಿಯ ಹತ್ತಿರ ಕೂಗಿ ಹೇಳಿದೆ. ಅವಳು ತುಂಬಾ ಹೊತ್ತು ಸುಮ್ಮನಿದ್ದು, "ಅವನ ಪಾಲಿಂದು ನಾ ಮಾಡ್ತೀನಿ ಬಿಡು" ಅಂದಳು. ಸಕ್ಕರೆ ಕಾಯಿಲೆ ಇರುವವಳು ಮಂಗಳವಾರ ಉಪವಾಸ ಕೂತರೆ ಏನಾಗುತ್ತೆ ಅಂತ ಈಗ ಅದೊಂದು ಜಗಳ ನಡೀತಿದೆ.

ಈ ಎಲ್ಲದರ ನಡುವೆ ಅಕ್ಕನ ಗತಿ ಕೇಳಿ. ಮಗನನ್ನು ಆಡೋಕೆ ಬಿಟ್ಟರೆ "ಎಂಥಾ ತಾಯಿ ಈಕಿ". ಮನೆಯಲ್ಲಿ ಇಟ್ಟುಕೊಂಡರೆ "ಮುದ್ದು ಮಾಡಿ ಕೆಡಿಸ್ಯಾಳ". ಡಬ್ಬಿ ತುಂಬಾ ಬೆಲ್ಲ ಶೇಂಗಾ ಕಟ್ಟಿ ಮೈದಾನದ ಅಂಚಿನಲ್ಲಿ ಕೂತರೆ "ಗಂಡುಹುಡುಗನ ಬೆನ್ನ ಹಿಂದ ಹಿಂಗ ಕುಂದ್ರಬಾರದು". ಪರೀಕ್ಷೆಯ ರಿಪೋರ್ಟ್ ಬಂದ ಮೇಲಂತೂ ಕೇಳಲೇಬೇಡಿ. ಮೈಟೋಕಾಂಡ್ರಿಯಾದ ಈ ಡಿಎನ್‌ಎ ಬರೋದು ತಾಯಿಯಿಂದ. ಡಾಕ್ಟರು ವಿಜ್ಞಾನ ಅಂತ ಹೇಳಿದ ಒಂದು ವಾಕ್ಯ, ಬಸ್ಸಿಳಿದು ಭಾವನ ಮನೆಯ ಪಡಸಾಲೆಗೆ ಬರುವಷ್ಟರಲ್ಲಿ ತೀರ್ಪಾಗಿತ್ತು: "ನಿಮ್ಮ ಕಡಿಯಿಂದ ಬಂದಿದ್ದು." ಮೊದಲು ಸಂಬಂಧದಲ್ಲಿ ಕೊಟ್ಟಿದ್ದಕ್ಕೆ ಹಿಂಗಾಯ್ತು ಅಂತಿದ್ದರು. ಅಕ್ಕನದು ಸಂಬಂಧದ ಮದುವೆಯೇ ಅಲ್ಲ ಅಂತ ಯಾರೋ ನೆನಪಿಸಿದ ಮೇಲೆ ಅದನ್ನು ಕೈಬಿಟ್ಟು ಇದನ್ನು ಹಿಡಿದರು.

ಸರಿ, ತಾಯಿಯಿಂದಲೇ ಬಂತು. ಲೆಕ್ಕ ಪೂರ್ತಿ ಮಾಡೋಣ. ಅವ್ವನಿಂದ ಅಕ್ಕನಿಗೆ ಬಂದದ್ದು ಅವ್ವನಿಂದ ನನಗೂ ಬಂದಿರುತ್ತೆ. ಒಂದೇ ಚೀಲದ ಬೀಜ, ಯಾರ ಮುಷ್ಟಿಗೆ ಎಷ್ಟು ಜಳ್ಳು ಬಂತು ಅನ್ನೋದಷ್ಟೇ ವ್ಯತ್ಯಾಸ. ಹುಡುಗನ ಮುಷ್ಟಿಗೆ ಜಾಸ್ತಿ ಬಿತ್ತು, ಅಕ್ಕನದಕ್ಕೆ ಕಮ್ಮಿ, ನನ್ನದಕ್ಕೆ ಎಷ್ಟು ಅಂತ ಗೊತ್ತಿಲ್ಲ. ಡಾಕ್ಟರು ನೀವೂ ಒಮ್ಮೆ ಮಾಡಿಸಿಕೊಳ್ಳಿ ಅಂದರು, ನಾನು ರಿಲೀಸ್ ಮುಗೀಲಿ ಅಂತ ಮುಂದೂಡ್ತಾ ಬಂದಿದ್ದೀನಿ. ಗಂಡಸಾದ್ದರಿಂದ ನನ್ನ ಮಗಳಿಗೆ ಇದು ನನ್ನಿಂದ ದಾಟಲ್ಲ. ಹಾಗಾಗಿ ನನ್ನನ್ನು ಯಾರೂ ಏನೂ ಕೇಳಿಲ್ಲ. ಊರಿಗೆ ಹೋದರೆ ಕಟ್ಟೆ ಮೇಲೆ ಜಾಗ ಬಿಟ್ಟು, ಚಹಾ ತರಿಸಿ, "ಎಂಜಿನಿಯರ್ ಸಾಹೇಬ್ರು" ಅಂತಾರೆ. ಅದೇ ಅಕ್ಷರತಪ್ಪು ಇಬ್ಬರ ಒಳಗೂ ಇದ್ದಿರಬಹುದು, ತಪ್ಪಿತಸ್ಥೆ ಮಾತ್ರ ಅವಳೊಬ್ಬಳೇ.

ಸರ್ಕಾರದ ಕಾಗದಗಳ ಕಥೆಯೂ ಇದೇ ಥರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಪಟ್ಟಿ ಮಾಡಿದ್ದಾರೆ. ಈ ಕಾಯಿಲೆಯ ಹೆಸರು ಅದರಲ್ಲಿಲ್ಲ. ದೀರ್ಘಕಾಲದ ನರಸಂಬಂಧಿ ಸ್ಥಿತಿಗಳು ಅನ್ನೋ ಬಾಗಿಲಿನಿಂದ ಹೋಗಲು ನೋಡಬೇಕು. ಹೋದರೂ ಸೌಲಭ್ಯಗಳಿಗೆ ಶೇ. 40 ದಾಟಬೇಕು. ನಮ್ಮ ಹುಡುಗನನ್ನು ಬುಧವಾರ ಅಳೆದರೆ ಹತ್ತೂ ಬರಲಿಕ್ಕಿಲ್ಲ, ಸೋಮವಾರ ಅಳೆದರೆ ಎಪ್ಪತ್ತೂ ದಾಟೀತು. ಯಾವ ವಾರ ಕರೀತೀರಿ ಸ್ವಾಮಿ? 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು, ಮರುವರ್ಷ ನೆರವಿನ ಮಿತಿಯನ್ನು 50 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಅದಕ್ಕೆ ಗೊತ್ತುಮಾಡಿದ ಕೇಂದ್ರಗಳಲ್ಲಿ ನಮ್ಮ ರಾಜ್ಯಕ್ಕೆ ಸಿಕ್ಕಿದ್ದು ಬೆಂಗಳೂರಿನಲ್ಲಿದೆ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ. ಗಾದಿಗನೂರಿನಿಂದ ಮುನ್ನೂರು ಕಿಲೋಮೀಟರಿಗೂ ಮೇಲೆ. ಅದೂ ಇರಲಿ, ಲಕ್ಷಗಳ ಮದ್ದು ಇಲ್ಲದ ಕಾಯಿಲೆಗೆ ಬೇಕಾಗಿರೋದು ಲಕ್ಷಗಳಲ್ಲ. ನೆಳಲಲ್ಲಿ ಕೂತು ಪ್ರಾರ್ಥನೆ ಹೇಳೋಕೆ ಬಿಡಿ. ಎರಡನೇ ಪೀರಿಯಡ್ಡಿನಲ್ಲಿ ಡಬ್ಬಿ ತೆಗೆದು ತಿನ್ನೋಕೆ ಬಿಡಿ. ಆಟದ ಪೀರಿಯಡ್ಡಿನಲ್ಲಿ ಅವನು ಸಾಕು ಅಂದಾಗ ಸಾಕು. ಇದಕ್ಕೆ ಯಾವ ಬಜೆಟ್ಟು, ಯಾವ ಸಮಿತಿ ಬೇಕು?

ಈಗ ಅವನೇ ಒಂದು ಲೆಕ್ಕ ಹಾಕಿಕೊಂಡಿದ್ದಾನೆ. ಪಂದ್ಯಕ್ಕೆ ಎರಡೇ ರೈಡ್. ಮೊದಲನೆಯದು ಶುರುವಿನಲ್ಲಿ, ಎರಡನೆಯದು ಟೀಮು ಕೇಳಿದಾಗ. ಉಳಿದ ಹೊತ್ತು ಬೇವಿನ ಮರದ ಕೆಳಗೆ ಮಂಡಕ್ಕಿ ಒಗ್ಗರಣೆ ತಿಂತಾ ಎದುರಿನ ಟೀಮಿನವರಿಗೆ ಬೈಯ್ತಿರ್ತಾನೆ. ಮೂರನೇ ರೈಡಿಗೆ ಇಳಿದ ದಿನಗಳೂ ಇವೆ. ಮಾರನೇ ದಿನ ಅನುಭವಿಸ್ತಾನೆ. "ಯಾಕಲೇ ಹೋದಿ" ಅಂತ ಕೇಳಿದ್ದಕ್ಕೆ "ಮಾಮ, ಒಂದು ಪಾಯಿಂಟಿಗೆ ಸೋಲ್ತಿದ್ವಿ" ಅಂದ. ಆ ವಯಸ್ಸಿನಲ್ಲಿ ನನಗೂ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಶೇ. 75 ಹಾಜರಾತಿ ಬೇಕು. ಹೋದ ತಿಂಗಳು ಊರಿಗೆ ಹೋದಾಗ ಅಕ್ಕ ಶಾಲೆಗೆ ಕೊಡಲು ಒಂದು ಅರ್ಜಿ ಬರೆಸಿಕೊಂಡಳು. ಎರಡು ಪುಟ, ಅಚ್ಚ ಕನ್ನಡದಲ್ಲಿ ಬರೆದೆ, ರಿಪೋರ್ಟ್ ಜೊತೆಗಿಟ್ಟೆ. ಅವರು ಪೂರ್ತಿ ಓದಿದರು ಪಾಪ, ಕೂರಿಸಿ ಮಾತಾಡಿಸಿದರು. ಆಮೇಲೆ ಅಚ್ಚು ಹಾಕಿಸಿದ ಒಂದು ಫಾರಂ ಕೊಟ್ಟು, ಇದನ್ನೂ ತುಂಬಿ ಡಾಕ್ಟರ ಸಹಿ ಹಾಕಿಸಿಕೊಂಡು ಬನ್ನಿ ಅಂದರು. ಅದರಲ್ಲಿ ಒಂದು ಸಾಲು: ಅನಾರೋಗ್ಯದ ಅವಧಿ, ದಿನಾಂಕ ಇಂಥದ್ದರಿಂದ ಇಂಥದ್ದರವರೆಗೆ. ಅಕ್ಕ ಮೊದಲನೇ ಜಾಗದಲ್ಲಿ ಅವನು ಹುಟ್ಟಿದ ತಾರೀಖು ಬರೆದಳು. ಎರಡನೆಯದನ್ನು ಖಾಲಿ ಬಿಟ್ಟಳು. ಖಾಲಿ ಬಿಟ್ಟರೆ ಫಾರಂ ತಗೊಳ್ಳೋದಿಲ್ಲವಂತೆ, ಅದಿನ್ನೂ ಅವಳ ಟ್ರಂಕಿನಲ್ಲೇ ಇದೆ.