ತೋಟದ ಮಾತು 6: ಎಟಿವಿ ತಗೊಳ್ಳೋ ಮುಂಚೆ ಇಳಿಜಾರು ನೋಡಿ

ಹಳೇ ಎಟಿವಿ ಮಾರ್ತಿದೀವಿ ಅಂತ ಸ್ಟೋರಿ ಹಾಕಿದ್ದೇ ತಡ, ಕ್ಲಾಸಿನ ಅರ್ಧ ಜನ "ಮಗಾ, ಈ ಸಲ 1000 ಸಿಸಿ ತಗೋ, ವೀಕೆಂಡ್ ಬರ್ತೀವಿ" ಅಂತ ಮೆಸೇಜ್ ಹಾಕಿದ್ರು. ಬನ್ನಿ, ಕಾಫಿ ಕೊಡ್ತೀನಿ. ಗಾಡಿ ಮಾತ್ರ ಕೊಡಲ್ಲ.

ಫೋಟೋದಲ್ಲಿ ಎಡಗಡೆ ಕಾಣ್ತಿರೋ ಧರೆ ಇದ್ಯಲ್ಲ, ಹೋದ ಆಗಸ್ಟಲ್ಲಿ ಅಪ್ಪ ಬಿದ್ದಿದ್ದು ಅಲ್ಲೇ. ಸಕಲೇಶಪುರದ ಕಡೆ ಆ ಟೈಮಲ್ಲಿ ಮಣ್ಣು ಹೇಗಿರುತ್ತೆ ಅಂತ ಇಲ್ಲಿನವರಿಗೆ ಹೇಳೋದೇ ಬೇಡ. ಯಾವುದೋ ರೆಸಾರ್ಟಿನವರು ಓಡಿಸಿ ಸಾಕಾಗಿ ಮಾರಿದ ಟೂ ವೀಲ್ ಡ್ರೈವ್ ಗಾಡಿ, ಹಿಂದುಗಡೆ ಎರಡು ಚೀಲ ಗೊಬ್ಬರ. ಕೆಳಗಿನ ಬ್ಲಾಕಿಗೆ ಇಳೀತಾ ಇದ್ರು. ಆಕ್ಸಿಲರೇಟರ್ ಬಿಟ್ಟ ತಕ್ಷಣ ಆ ಗಾಡೀಲಿ ಕ್ಲಚ್ ತಾನಾಗೇ ಬಿಟ್ಟುಕೊಳ್ಳುತ್ತೆ, ಇಂಜಿನ್ ಹಿಡಿತ ಅನ್ನೋದೇ ಇರಲ್ಲ. ಬ್ರೇಕ್ ಒತ್ತಿದ್ರು, ಹಿಂದಿನ ಚಕ್ರ ಲಾಕ್ ಆಯ್ತು, ಗಾಡಿ ಅಡ್ಡಡ್ಡ ಜಾರಿ ಪಲ್ಟಿ. ಕಾಲರ್ ಬೋನ್ ಮುರಿದು ಎರಡು ತಿಂಗಳು ತೋಟದ ಕೆಲಸ ಅಮ್ಮನ ತಲೆ ಮೇಲೆ ಬಿತ್ತು. ಗಾಡಿ ಮೈಮೇಲೆ ಬರಲಿಲ್ಲ, ಪುಣ್ಯ.

ಅದಕ್ಕೇ ಈಗ ಫೋರ್ ವೀಲ್ ಡ್ರೈವ್ ಹುಡುಕ್ತಿರೋದು. ಹುಡುಕ್ತಾ ಹೋದಾಗ ಗೊತ್ತಾಗಿದ್ದೇನು ಅಂದ್ರೆ, ನಾವೆಲ್ಲಾ ರೀಲ್ಸಲ್ಲಿ ನೋಡೋದು ಬರೀ ಏರು ಹತ್ತೋದನ್ನ. ಕೆಸರು ಹಾರಿಸ್ಕೊಂಡು ಹತ್ತೋ ಗಾಡಿ ಬೇಕಾದಷ್ಟಿವೆ. ತೋಟದಲ್ಲಿ ಜೀವಕ್ಕೆ ಬರೋದು ಇಳಿಯುವಾಗ.

"ಫೋರ್ ವೀಲ್ ಡ್ರೈವ್" ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಥರ ಅಲ್ಲ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570 ತಗೊಳ್ಳಿ. ಅದರಲ್ಲಿ ಹಿಂದಿನ ಚಕ್ರ ಸ್ಲಿಪ್ ಆದಾಗ ಮುಂದಿನದು ತಾನಾಗೇ ಸೇರಿಕೊಳ್ಳುತ್ತೆ. ಹತ್ತುವಾಗ ಇದು ಸೂಪರ್. ಆದ್ರೆ ಇಳಿಯುವಾಗ ಇಂಜಿನ್ ಹಿಡಿತ ನಾಲ್ಕೂ ಚಕ್ರಕ್ಕೆ ಸಿಗಬೇಕು ಅಂದ್ರೆ 'ಆಕ್ಟಿವ್ ಡಿಸೆಂಟ್ ಕಂಟ್ರೋಲ್' ಅನ್ನೋ ವ್ಯವಸ್ಥೆ ಬೇಕು, ಅದು ಎಲ್ಲಾ ಮಾಡೆಲ್‌ನಲ್ಲೂ ಬರಲ್ಲ. ಯಮಹಾ ಗ್ರಿಜ್ಲಿ 700ರಲ್ಲಿ ಫೋರ್ ವೀಲ್‌ಗೆ ಹಾಕಿದ್ರೆ ಈ ಹಿಡಿತ ನಾಲ್ಕೂ ಚಕ್ರಕ್ಕೆ ಬರುತ್ತೆ. ಇವೆರಡೂ ಬೆಲ್ಟ್ ಗಾಡಿ. ಹೋಂಡಾ ರ‍್ಯಾಂಚರ್ 420ರಲ್ಲಿ ಬೆಲ್ಟೇ ಇಲ್ಲ, ಬೈಕ್ ಥರ ಗೇರು. ಸುಟ್ಟು ಹೋಗೋಕೆ, ನೀರು ಹೊಕ್ಕು ಜಾರೋಕೆ ಬೆಲ್ಟ್ ಇಲ್ಲದ ಗಾಡಿ. ನನ್ನ ಮನಸ್ಸು ಅದರ ಮೇಲೇ ಇತ್ತು. ಸಿಸಿ ಕಡಿಮೆ ಆದ್ರೂ ಪರವಾಗಿಲ್ಲ ಅಂದ್ಕೊಂಡಿದ್ದೆ.

ಅಪ್ಪ ಒಂದೇ ಪ್ರಶ್ನೆ ಕೇಳಿದ್ರು: "ಬೇರಿಂಗ್ ಹೋದ್ರೆ ಎಲ್ಲಿಂದ ತರ್ತೀಯಪ್ಪ?" ಹೋಂಡಾದವರು ಇಲ್ಲಿ ಎಟಿವಿ ಮಾರೋದಿಲ್ಲ. ಹೊರದೇಶದಿಂದ ಪಾರ್ಟ್ಸ್ ತರಿಸಿ ಕಾಯ್ತಾ ಕೂತ್ರೆ ಮಳೆಗಾಲ ಮುಗಿದು ಕೊಯ್ಲು ಬಂದಿರುತ್ತೆ. ಹಾಗಾಗಿ ಜಗತ್ತಿನಲ್ಲೇ ಗಟ್ಟಿ ಗಾಡಿ ಯಾವುದು ಅನ್ನೋ ಚರ್ಚೆಗಿಂತ, ಕೆಟ್ಟು ನಿಂತರೆ ಒಂದು ವಾರದೊಳಗೆ ನಮ್ಮ ಗೇಟಿನ ಒಳಗೆ ರಿಪೇರಿ ಆಗೋ ಗಾಡಿ ಯಾವುದು ಅಂತ ಹುಡುಕೋದೇ ಸರಿ ಅಂತ ನನಗೂ ಅನಿಸಿದೆ. ಬೆಲ್ಟ್ ಗಾಡಿ ಆದ್ರೂ ಆಗಲಿ, ಎರಡು ಬೆಲ್ಟ್ ಮನೇಲಿ ಇಟ್ಕೊಂಡು ಬದಲಾಯಿಸೋದು ಕಲಿಯೋಣ. ಈಗ ಯಾವುದೇ ಡೀಲರ್ ಹತ್ರ ಹೋದ್ರೂ ರೇಟ್ ಕೇಳೋಕೆ ಮುಂಚೆ "ಬೆಲ್ಟ್, ಏರ್ ಫಿಲ್ಟರ್, ಆಕ್ಸಲ್ ಬೂಟ್ ಸ್ಟಾಕಲ್ಲಿ ಇದ್ರೆ ಕೈಗೆ ಕೊಡಿ ನೋಡೋಣ" ಅಂತ ಕೇಳ್ತೀನಿ. "ತರಿಸಿ ಕೊಡ್ತೀವಿ ಸಾರ್" ಅಂದ್ರೆ ಟೀ ಕುಡಿದು ಎದ್ದು ಬರೋದು.

ಇನ್ನೊಂದು ವಿಷಯ ನನಗೂ ತಲೆ ತಿರುಗಿಸ್ತು. ಸ್ಪೋರ್ಟ್ಸ್‌ಮನ್ 570ರ ಹಿಂದಿನ ರ‍್ಯಾಕ್ ಹೊರೋದು ಸುಮಾರು 80 ಕೆಜಿ, ರ‍್ಯಾಂಚರ್‌ದು 60. ಅಂದ್ರೆ 50 ಕೆಜಿಯ ಎರಡು ಚೀಲ ಇವು ಯಾವುದರ ಮೇಲೂ ಹಾಕೋ ಹಾಗಿಲ್ಲ! ನಾವು ಆ ಪುಟಾಣಿ ಗಾಡಿ ಮೇಲೆ ಹಾಕಿ ಕಳಿಸಿದ್ವಿ. ಚೀಲ ಏರಿಸಿ ಹಗ್ಗ ಬಿಗಿದವನು ನಾನೇ. ಇದನ್ನ ಇಲ್ಲಿವರೆಗೂ ಯಾರ ಹತ್ರಾನೂ ಹೇಳಿರಲಿಲ್ಲ.

"ಎಟಿವಿ ಯಾಕೆ, ಹಳೇ ಜೀಪ್ ತಗೋ" ಅನ್ನೋರಿಗೆ: ಮಾತು ಸರಿ, ಜೀಪಿನ ಪಾರ್ಟ್ಸ್ ಎಲ್ಲಿ ಬೇಕಾದ್ರೂ ಸಿಗುತ್ತೆ, ಮೆಕ್ಯಾನಿಕ್ ಊರಲ್ಲೇ ಇದಾರೆ. ಆದ್ರೆ ಜೀಪ್ 5 ಅಡಿ ಮೀರಿ ಅಗಲ, ಇವು ಸುಮಾರು 4 ಅಡಿ. ಜೀಪಿಗೆ ದಾರಿ ಮಾಡೋಕೆ ಒಂದು ಸಾಲು ಕಾಫಿ ಗಿಡ ಕಡೀಬೇಕು. ಅಪ್ಪನ ಮುಂದೆ ಈ ಮಾತು ಎತ್ತೋ ಧೈರ್ಯ ನನಗಿಲ್ಲ, ಅದು ತಾತ ನೆಟ್ಟ ಸಾಲು. ನಿಮ್ಮ ತೋಟದಲ್ಲಿ ಅಗಲದ ದಾರಿ ಇದ್ರೆ ಮಾತ್ರ ಕಣ್ಮುಚ್ಚಿ ಜೀಪ್ ತಗೊಳ್ಳಿ.

ಆಮೇಲೆ ರಸ್ತೆ. ಟ್ರಾಕ್ಟರ್ ಅಂತ ನೋಂದಣಿ ಆಗೋ ಹಾಗೆ ಸ್ಪೋರ್ಟ್ಸ್‌ಮನ್ 570ರ ಒಂದು ಮಾಡೆಲ್ ಇಲ್ಲಿಗೆ ಬಂದಿತ್ತು. ಮಾಮೂಲಿ ಎಟಿವಿಗೆ ನಂಬರ್ ಪ್ಲೇಟ್ ಸಿಗಲ್ಲ, ಪೇಟೆಗೆ ಟೀ ಕುಡಿಯೋಕೆ ಹೋಗೋ ಕನಸು ಬಿಡಿ. ಒಬ್ಬರು ಓಡಿಸೋ ಗಾಡೀಲಿ ಹಿಂದೆ ಕೂರಿಸ್ಕೊಳ್ಳೋದೂ ಬೇಡ. ಹೆಲ್ಮೆಟ್ ಅಮ್ಮ ಆಗಲೇ ತಂದಿಟ್ಟಿದಾರೆ, ಗಾಡಿ ಬರೋಕೆ ಮುಂಚೆನೇ.

ಸದ್ಯಕ್ಕೆ ನಮ್ಮ ಲೆಕ್ಕ ಇಷ್ಟು: ಲೋ ಗೇರ್ ಇರೋ, ನಾಲ್ಕೂ ಚಕ್ರಕ್ಕೆ ಇಂಜಿನ್ ಹಿಡಿತ ಕೊಡೋ 500-600 ಸಿಸಿ ಗಾಡಿ, ಜೊತೆಗೆ ಒಂದು ಚಿಕ್ಕ ಟ್ರೈಲರ್. ಟೆಸ್ಟ್ ಡ್ರೈವ್ ಈ ಧರೆ ಮೇಲೇ ಆಗಬೇಕು ಅಂತ ಅಪ್ಪನ ಹಠ, ಶೋರೂಮ್ ಅಂಗಳದಲ್ಲಿ ರೌಂಡ್ ಹಾಕಿಸಿದ್ರೆ ಒಪ್ಪಲ್ವಂತೆ. ಹಾಸನ, ಚಿಕ್ಕಮಗಳೂರು, ಕೊಡಗಿನ ಕಡೆ ಯಾರ ಮನೇಲಾದ್ರೂ ಇಂಥ ಗಾಡಿ ಎರಡು ಮಳೆಗಾಲ ದಾಟಿದ್ರೆ ಡಿಎಂ ಮಾಡಿ. ಎಷ್ಟು ಸ್ಪೀಡ್ ಹೋಗುತ್ತೆ ಅಂತ ಬೇಡ, ಎಷ್ಟು ಸಲ ನಿಂತಿದೆ, ಯಾರು ಬಂದು ರಿಪೇರಿ ಮಾಡಿದ್ರು ಅಂತ ಹೇಳಿ.

#ತೋಟದಮಾತು #ಮಲೆನಾಡು #ಕಾಫಿತೋಟ #ಎಟಿವಿ